ಸೋತವರ ಎಣಿಕೆ

“ಈ ಉತ್ತರ ನಿನ್ನದೇ ಅಂತೀಯಲ್ಲಮ್ಮ, ಹಾಗಾದ್ರೆ ಇದನ್ನೇ ಕ್ಲಾಸಲ್ಲಿ ಕಲಿಸಿದ ಹಾಗೆ ಮಾಡಿ ತೋರ್ಸು,” ಎಂದು ಡೀನ್ ವಿಟ್ಲೋ ಬೋರ್ಡಿನ ಕಡೆ ಕೈ ತೋರಿಸಿದರು. ಟ್ಯಾನ್ಸಿ ಕಾಂಬ್ಸ್ ಸೀಮೆಸುಣ್ಣ ಹಿಡಿದು ಮೊದಲ ಸಾಲು ಬರೆದಳು. ಎರಡನೆಯದಕ್ಕೆ ಕೈ ನಿಂತಿತು. ನಕಲು ಮಾಡಿದ್ದಾಳೆಂದು ದೂರು ಕೊಟ್ಟಿದ್ದ ನಾರ್ಬರ್ಟ್ ಕ್ರೇನ್, ಅವಳಿಗೆ ಡಿಸ್ಕ್ರೀಟ್ ಗಣಿತ ಕಲಿಸುವವನು, ಮೇಜಿನ ತುದಿಯಲ್ಲಿ ಕೂತು ತನ್ನ ಅನುಮಾನ ಸರಿಯಾಯಿತೆಂದುಕೊಂಡ.

ಅವನು ಮನೆಗೆಲಸಕ್ಕೆ ಕೊಟ್ಟಿದ್ದ ಲೆಕ್ಕ ಸಣ್ಣದು. ಒಂದು, ಎರಡು, ನಾಲ್ಕು, ಎಂಟು ಎಂದು ದುಪ್ಪಟ್ಟಾಗುತ್ತ ಹೋಗುವ ಸಂಖ್ಯೆಗಳನ್ನು ಕೂಡಿದರೆ ಮೊತ್ತ ಯಾವಾಗಲೂ ಮುಂದಿನ ಸಂಖ್ಯೆಗಿಂತ ಒಂದು ಕಡಿಮೆ, ಅದನ್ನು ಸಾಧಿಸಬೇಕು. ಕಂಪ್ಯೂಟರ್ ವಿಭಾಗದ ತೊಂಬತ್ತು ಮಕ್ಕಳು ಅವನು ಕಲಿಸಿದ, ಒಂದು ಹಂತದಿಂದ ಮುಂದಿನದನ್ನು ಸಾಧಿಸುವ ಅನುಗಮನ ವಿಧಾನದಲ್ಲಿ ಪುಟ ತುಂಬಿಸಿದ್ದರು. ಟ್ಯಾನ್ಸಿ ಬರೆದದ್ದು ನಾಲ್ಕೇ ಸಾಲು. ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಗೆ ಹದಿನಾರು ತಂಡ ಬಂದರೆ ಮೊದಲ ಸುತ್ತಿಗೆ ಎಂಟು ಪಂದ್ಯ, ಆಮೇಲೆ ನಾಲ್ಕು, ಎರಡು, ಒಂದು. ಪ್ರತಿ ಪಂದ್ಯದಲ್ಲೂ ಒಂದು ತಂಡ ಸೋತು ಮನೆಗೆ ಹೋಗುತ್ತದೆ. ಕೊನೆಗೆ ಒಂದೇ ಉಳಿಯುತ್ತದೆ. ಸೋತವರು ಹದಿನೈದು, ಆದ್ದರಿಂದ ಪಂದ್ಯಗಳೂ ಹದಿನೈದು. ತಂಡಗಳು ಎಷ್ಟು ಸಲ ದುಪ್ಪಟ್ಟಾದರೂ ಮಾತು ಇದೇ.

ಇಪ್ಪತ್ತು ವರ್ಷ ಕಲಿಸಿದ ಕ್ರೇನ್‌ಗೂ ಈ ದಾರಿ ಹೊಳೆದಿರಲಿಲ್ಲ. ಎರಡು ಟೆಸ್ಟಿನಲ್ಲಿ ನಪಾಸಾದವಳಿಗೆ, ಪೂರ್ವ ಕೆಂಟಕಿಯ ಬಡ ಗುಡ್ಡಗಾಡಿನಿಂದ ಬಂದು, ಬಾಯಿ ಬಿಟ್ಟರೆ ಹಳ್ಳಿ ಉಚ್ಚಾರಕ್ಕೆ ಕ್ಲಾಸೆಲ್ಲ ಕಿಸಕ್ಕನೆ ನಗುವಂಥವಳಿಗೆ, ಹೊಳೆದೀತೆ?

ಎಲ್ಲಿಂದ ಸಿಕ್ಕಿತು ಎಂದು ಡೀನ್ ಕೇಳಿದ್ದಕ್ಕೆ ಅವಳು “ಮನೇಲಿ” ಎಂದಷ್ಟೇ ಹೇಳಿದಳು. ವಿಚಾರಣೆಗೆ ಕೂತಿದ್ದ ಸಮಿತಿಯಲ್ಲಿ ಒಬ್ಬರು ಕೆಮ್ಮಿ ನಗು ಮುಚ್ಚಿಕೊಂಡರು. ಹತ್ತೇ ನಿಮಿಷ. ನಕಲು ಮಾಡಿದ್ದಾಳೆಂದು ತೀರ್ಮಾನವಾಯಿತು. ವಿಷಯದಲ್ಲಿ ನಪಾಸು, ವಿದ್ಯಾರ್ಥಿವೇತನವೂ ರದ್ದು.

ಹೊರಗೆ ಹಜಾರದಲ್ಲಿ ಅವಳು ಕೋಟಿನ ಗುಂಡಿ ಹಾಕಿಕೊಳ್ಳುತ್ತ ನಿಂತಿದ್ದಳು. ಸುಮ್ಮನೆ ದಾಟಿಹೋಗಬೇಕೆಂದಿದ್ದ ಕ್ರೇನ್ ಯಾಕೋ ನಿಂತು, ಈಗಲಾದರೂ ನಿಜ ಹೇಳು ಎಂದ.

“ನಮ್ಮಮ್ಮ ಹೈಸ್ಕೂಲ್ ಬ್ಯಾಸ್ಕೆಟ್‌ಬಾಲ್ ಹಾಲ್‌ನಲ್ಲಿ ಕಸ ಗುಡಿಸ್ತಾಳೆ ಸರ್. ಪಂದ್ಯಾವಳಿ ಬಂತಂದ್ರೆ ನಾನೂ ಹೋಗ್ತಿದ್ದೆ. ಒಂದೊಂದು ಪಂದ್ಯ ಮುಗಿದಾಗ್ಲೂ ಸೋತೋರು ಬಟ್ಟೆ ಬದಲಾಯ್ಸೋ ರೂಮು ಖಾಲಿ ಮಾಡ್ತಾರೆ. ಅದನ್ನ ನಾವು ಗುಡಿಸ್ಬೇಕು. ಹದಿನಾರು ತಂಡ ಬಂದ್ರೆ ಹದಿನೈದು ರೂಮು. ಗೆದ್ದೋರ ರೂಮಿಗೆ ಫೋಟೋದವ್ರು ನುಗ್ಗಿರ್ತಾರೆ, ನಮ್ಮನ್ನ ಬಿಡ್ತಿರ್ಲಿಲ್ಲ.” ಅವಳು ಮೂಗೊರೆಸಿಕೊಂಡಳು. “ನೀವೆಲ್ಲ ಸಂಖ್ಯೆ ಕೂಡಿದ್ರಿ. ನಾನು ಸೋತೋರನ್ನ ಎಣಿಸ್ದೆ, ಅಷ್ಟೇ.”

“ಇದನ್ನ ಒಳಗೇ ಹೇಳೋಕೇನಾಗಿತ್ತು?”

“ಕಸ ಗುಡಿಸೋ ಮಾತು ಅಲ್ಲಿ ಹೇಗೆ ಹೇಳ್ಲಿ ಸರ್?”

ಕ್ರೇನ್ ಹಿಂದಕ್ಕೆ ತಿರುಗಿ ನೋಡಿದ. ಸಮಿತಿಯ ಕೋಣೆಯ ಬಾಗಿಲು ನಾಲ್ಕು ಹೆಜ್ಜೆಯಲ್ಲಿತ್ತು. ಒಳಗೆ ವಿಟ್ಲೋ ಇನ್ನೂ ಕಾಗದ ಜೋಡಿಸುತ್ತಿದ್ದರು. ತಾನು ಕೊಟ್ಟ ದೂರು ಸುಳ್ಳು ಎಂದು ಅವರೆದುರು ಹೇಳಬೇಕು. ಅವನ ಕೆಲಸದ ಗುತ್ತಿಗೆ ಮುಂದುವರಿಯಲು ಬರುವ ತಿಂಗಳು ಇದೇ ವಿಟ್ಲೋ ಸಹಿ ಹಾಕಬೇಕು.

“ಈಗ ಹೋಗಿ ಹೇಳ್ತೀರಾ ಸರ್?” ಎಂದಳು.

ಅವನು ಗಡಿಯಾರ ನೋಡಿಕೊಂಡ. “ನೀನೇ ಮೇಲ್ಮನವಿ ಹಾಕ್ಬಹುದು. ನಂಗೆ ಎರಡಕ್ಕೆ ಕ್ಲಾಸಿದೆ.”

ಅವಳು ಕೊನೆಯ ಗುಂಡಿ ಹಾಕಿಕೊಂಡು ಮೆಟ್ಟಿಲಿಳಿದಳು.

ಎರಡು ಗಂಟೆಯ ಕ್ಲಾಸಿನಲ್ಲಿ ಮಕ್ಕಳು ಅನುಗಮನ ತಲೆಗೆ ಹತ್ತುತ್ತಿಲ್ಲ ಎಂದು ಮತ್ತೆ ಗೊಣಗಿದರು. ಕ್ರೇನ್ ಎರಡು ಸಲ ಹೇಳಿಕೊಟ್ಟ. ಮೂರನೆಯ ಸಲ ಕೈ ತಾನಾಗಿಯೇ ಹದಿನಾರು ತಂಡಗಳನ್ನು ಬರೆಯಿತು. ನಾಲ್ಕು ಸಾಲು ಮುಗಿಯುವಷ್ಟರಲ್ಲಿ ಹಿಂದಿನ ಬೆಂಚಿನಲ್ಲಿ ಯಾರೋ ‘ಅಬ್ಬಾ’ ಎಂದರು.

“ಇದು ಪುಸ್ತಕದಲ್ಲಿಲ್ಲ ಸರ್,” ಎಂದಳು ಮುಂದೆ ಕೂತಿದ್ದ ಹುಡುಗಿ, ಕಣ್ಣರಳಿಸಿ. “ನೀವೇ ಕಂಡುಹಿಡಿದಿದ್ದಾ?”

ಕ್ರೇನ್ ಡಸ್ಟರ್ ಕೈಗೆತ್ತಿಕೊಂಡ.

“ಬೇಗ ಬರ್ಕೊಳ್ಳಿ,” ಎಂದ, “ಒರೆಸ್ಬೇಕು.”