ಪಾಠಕ್ಕಿಂತ ಮೊದಲು ಸತ್ಕಾರ

ಭಾವುಸಾಹೇಬ ಸರ್ ತೋಟದ ಮನೆಯ ಅಂಗಳಕ್ಕೆ ಕಾಲಿಡುವಷ್ಟರಲ್ಲಿ ಸಂಭಾಜಿ ಕಾಕಾ ಸನ್ಮಾನದ ಫೇಟಾ ಬಿಚ್ಚಿ ಅವರ ತಲೆಗೆ ಸುತ್ತತೊಡಗಿದ. ದಾನೇಶ್ವರಿ ಪಾಠದ ಹಾಳೆಗಳನ್ನು ಹಿಡಿದುಕೊಂಡೇ ಓಡಿ ಬಂದಳು.

ಎಂ.ಎಡ್. ಓದುತ್ತಿದ್ದ ಹುಡುಗಿ. ಅಥಣಿ ಕಡೆಯ ಅನಂತಪುರದ ದ್ರಾಕ್ಷಿ ತೋಟಗಳಲ್ಲಿ ದುಡಿಯುವ ಹೆಂಗಸರು ಬೆಳೆಗೆ ಹೊಡೆಯುವ ಔಷಧದ ಡಬ್ಬಿಯ ಮೇಲಿನ ಸೂಚನೆ ಓದಲು ಕಲಿಯಲಿ ಎಂದು ಒಂದು ಪಠ್ಯಕ್ರಮ ರೂಪಿಸಿದ್ದಳು. ಅದೇ ಅವಳ ಪ್ರಬಂಧ. ಇಂದು ಅದರ ಪ್ರಯೋಗ ಪಾಠ. ಮಾರ್ಗದರ್ಶಕರಾದ ಸರ್ ಕಣ್ಣಾರೆ ನೋಡಿ ಸಹಿ ಹಾಕಬೇಕು. ಹಾಕದಿದ್ದರೆ ಇಡೀ ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಇನ್ನೊಂದು ವರ್ಷ ಓದಿಸಲು ಅಪ್ಪ ಸುತರಾಂ ಒಪ್ಪುವವನಲ್ಲ.

"ಕಾಕಾ, ಮೊದಲಿಗೆ ಪಾಠ ಆಗಲಿ."

"ನಿನಗೇನ ತಿಳೀತೈತಿ ಬೇ? ಮನಿಗೆ ಬಂದ ಸರ್‌ನ ಬರೇ ತಲಿಲೇ ಕುಂಡ್ರಸ್ತಾರೇನ?"

ಸತ್ಕಾರಕ್ಕೆ ಒಮ್ಮೆ ಕೈ ಹಚ್ಚಿದರೆ ಮುಗಿಯುವುದುಂಟೇ? ಸರ್‌ಗೆ ಫೇಟಾ, ಶಾಲು, ತೆಂಗಿನಕಾಯಿ, ಫೋಟೋ ಆಯಿತು. ಮಾಡಿಸಿಕೊಂಡವರು ಸುಮ್ಮನೆ ಕೂರಬಾರದಲ್ಲ. ಸರ್ ಕೈಯಿಂದ ತೋಟದ ಮಾಲಕನಾದ ಕಾಕಾನಿಗೆ ಆಯಿತು. ಕಾಕಾನಿಗೆ ಆದಮೇಲೆ ಅವನ ಬೀಗರನ್ನು ಬಿಡಲಾದೀತೇ? ಬೀಗರಿಗೆ ಆದದ್ದು ನೋಡಿ ಟ್ರ್ಯಾಕ್ಟರ್ ಡ್ರೈವರ್ ಮುನಿಸಿಕೊಂಡ. ಅವನಿಗೂ ಶಾಲು ಹೊದಿಸಿ, ಕಾಯಿ ಸಾಲದೆ ಸರ್‌ಗೆ ಕೊಟ್ಟದ್ದನ್ನೇ ಮರಳಿ ಇಸಿದುಕೊಂಡು ಅವನಿಗೆ ಕೊಟ್ಟರು. ಕಲಿಯಲು ಬಂದ ಹೆಂಗಸರು ಚಾಪೆಯ ಮೇಲೆ ಕೂತು ಎಲ್ಲವನ್ನೂ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಆಮೇಲೆ ಎರಡೇ ಮಾತು ಆಡುತ್ತೇನೆಂದು ಎದ್ದ ಕಾಕಾ, ಕೃಷ್ಣೆಯ ಮಹಾಪೂರದಿಂದ ಹಿಡಿದು ಒಣದ್ರಾಕ್ಷಿಯ ದರದವರೆಗೂ ಮಾತಾಡಿದ. ದಾನೇಶ್ವರಿಗೆ ಅಳುವುದೊಂದೇ ಬಾಕಿ.

ಸರ್ ಗಡಿಯಾರ ನೋಡಿಕೊಂಡರು. "ದಾನೇಶ್ವರಿ, ಅಥಣಿ ಬಸ್ಸಿನ ಹೊತ್ತಾತು. ಪಾಠ ಬಿಡು, ಸೀದಾ ಮೌಲ್ಯಮಾಪನಕ್ಕ ಬರೂಣು." ಕಣ್ಣಿನ ಮೇಲೆ ಜಾರಿದ ಫೇಟಾ ಸರಿಸಿ, ಮುಂದೆ ಕೂತಿದ್ದ ಕೆಂಚವ್ವನನ್ನು ಕೇಳಿದರು: "ಇವತ್ತ ಏನ ಕಲತ್ರಿ ಅವ್ವಾರ?"

ಮುಗಿಯಿತು ನನ್ನ ಎಂ.ಎಡ್. ಅಂದುಕೊಂಡಳು ದಾನೇಶ್ವರಿ. ಕೆಂಚವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. ಡ್ರೈವರನ ಹೆಗಲಿನ ಶಾಲು ಎಳೆದು ಪಕ್ಕದವಳಿಗೆ ಹೊದಿಸಿ, ಕಾಯಿ ಕೈಗಿಟ್ಟು, ಫೋಟೋಕ್ಕೆ ಮುಖ ತಿರುಗಿಸಿ ನಿಂತಳು. ಹಿಂದಿನ ಸಾಲಿನವಳು ಎದ್ದು, ಕಾಕಾನ ಬೀಗರನ್ನೂ ಮರೆಯದೆ, ವಂದನಾರ್ಪಣೆ ಮಾಡಿದಳು. ಎಲ್ಲಿಯೂ ಒಂದು ತಪ್ಪಿಲ್ಲ.

ಸರ್ ಮುಖ ಅರಳಿತು. "ನೋಡಿದ್ಯಾ? ಕಲಿಕೆ ಅಂದ್ರ ಇದು. ಮಂದಿ ಛಲೋನ ಕಲತಾರ, ತಪ್ಪಿದ್ದು ನಿನ್ನ ಉದ್ದೇಶ ಅಷ್ಟ. ಉದ್ದೇಶ ಬದಲಿ ಮಾಡಿದ್ರ ಪಠ್ಯಕ್ರಮ ಯಶಸ್ವಿ." ಅವಳ ಪ್ರಬಂಧದ ಮೊದಲ ಪುಟದ 'ಔಷಧದ ಡಬ್ಬಿ ಓದುವುದು' ಎಂಬುದನ್ನು ಹೊಡೆದು ಹಾಕಿ, ಮೇಲೆ 'ಸತ್ಕಾರ ಕೌಶಲ' ಎಂದು ಬರೆದು, ಸಹಿ ಹಾಕಿಯೇ ಬಿಟ್ಟರು. ದಾನೇಶ್ವರಿಗೆ ನಾಚಿಕೆಯೂ ಆಯಿತು, ಹೋದ ಜೀವ ಬಂದಂತೆಯೂ ಆಯಿತು. ನಾಚಿಕೆಯನ್ನು ಆಮೇಲೆ ಪಟ್ಟರಾಯಿತೆಂದು ಹಾಳೆಗಳನ್ನು ಲಗುಬಗೆಯಿಂದ ಚೀಲಕ್ಕೆ ತುರುಕಿದಳು.

ಫೇಟಾ ಸಮೇತ ಬಸ್ಸಿಗೆ ಹೊರಟ ಸರ್‌ಗೆ ಕೆಂಚವ್ವ ಅಡ್ಡ ನಿಂತಳು. "ಸರ್, ನಾಳಿಗಿ ತ್ವಾಟಕ್ಕ ಔಷಧ ಹೊಡಿಯೂದೈತ್ರಿ. ಆ ಡಬ್ಬಿ ಓದೂದು ಯಾವಾಗ ಕಲಸ್ತೀರಿ?"

"ಅದನ್ನ ಮುಂದಿನ ವರ್ಷದವರ ಪ್ರಬಂಧಕ್ಕ ಬಿಟ್ಟೇವ್ರಿ, ಅವ್ವಾರ," ಎಂದರು ಸರ್.