ತಾಟು ತೊಳೆದ ನೀರು

ಅಂದಾನಪ್ಪನವರು ಊಟ ಮುಗಿಸಿ, ತಾಟಿಗೆ ನೀರು ಹಾಕಿ, ಅಂಟಿದ ಅಗುಳನ್ನೆಲ್ಲ ಬೆರಳಿನಿಂದ ಬಳಿದು ಕುಡಿದು ಕೆಳಗಿಟ್ಟಾಗ, ತಾಟಿನ ಚಿತ್ರದಲ್ಲಿದ್ದ ಮೀನುಗಾರ ಇರಲಿಲ್ಲ. ನೀಲಿ ಸೇತುವೆ ಇತ್ತು, ಅದರ ಮೇಲೆ ನಿಂತ ಹುಡುಗಿಯೂ ಇದ್ದಳು. ದಂಡೆಯಲ್ಲಿ ಗಾಳ ಹಿಡಿದು ಕೂತಿದ್ದ ಮುದುಕನ ಜಾಗ ಮಾತ್ರ ಬೆಳ್ಳಗೆ ಬರಿದಾಗಿತ್ತು. ತಾಟು ಎತ್ತಲು ಬಂದ ಸೊಸೆ ರೇಣುಕವ್ವ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಬಣ್ಣ ಹೋಗಿದೆ, ಅಷ್ಟೇ ಎಂದುಕೊಂಡಳು.

ಅದು ಗದಗಿನ ಹತ್ತಿ ಕಂಪನಿಯ ದೊರೆಯ ಪಿಂಗಾಣಿ ತಾಟು. ಸ್ವಾತಂತ್ರ್ಯ ಬಂದ ವರ್ಷ ದೊರೆ ಗಂಟುಮೂಟೆ ಕಟ್ಟಿದಾಗ ಬಂಗಲೆಯ ಸಾಮಾನು ಹರಾಜಿಗೆ ಬಂತು. ಬೆಟಗೇರಿಯ ಹತ್ತಿ ದಲಾಲಿ ಅಂದಾನಪ್ಪನವರಿಗೆ ಹರಾಜೆಂದರೆ ಕೈ ತಡೆಯದು. ಆಳಿದವರ ತಾಟಿನಲ್ಲಿ ಉಣ್ಣುವ ಚಪಲ ಬೇರೆ. ಲಿಂಗವಂತರ ಮನೆಯಲ್ಲಿ ಇದೇನೆಂದು ಓಣಿಯವರು ಮೂಗು ಮುರಿದರೆ, ವಿಭೂತಿ ಹಚ್ಚಿ ಶುದ್ಧ ಮಾಡಿದ್ದೇನೆಂದು ಅವರ ಬಾಯಿ ಮುಚ್ಚಿಸಿದರು. ಉಣ್ಣುವುದೆಲ್ಲ ಪ್ರಸಾದ, ಒಂದು ಅಗುಳೂ ಒಂದು ಹನಿಯೂ ಬಚ್ಚಲು ಸೇರಬಾರದು. ಅಷ್ಟು ವರ್ಷ ಕಂಚಿನ ಗಂಗಾಳವನ್ನು ಹೇಗೆ ತೊಳೆದು ಕುಡಿದಿದ್ದರೋ ಇದನ್ನೂ ಹಾಗೆಯೇ ದಿನಾಲು ತೊಳೆದು ಕುಡಿದರು.

ಮೀನುಗಾರ ಅಳಿಸಿಹೋದ ಮರುದಿನ ಅವರು ಪೇಟೆಗೆ ಹೋಗಲಿಲ್ಲ. ಮಗ ಚನ್ನಬಸವಣ್ಣ ಹುಡುಕಿಕೊಂಡು ಹೋದರೆ ಕೆರೆಯ ದಂಡೆಯ ಮೇಲೆ ಕೂತಿದ್ದರು. ಕೈಯಲ್ಲಿ ಬಿದಿರಿನ ಕೋಲು, ಕೋಲಿಗೊಂದು ದಾರ. ಮೀನಿನ ವಾಸನೆ ಬಂದರೆ ಓಣಿಯನ್ನೇ ಬದಲಿಸುತ್ತಿದ್ದ ಮನುಷ್ಯ. ನೀರು ತುಂಬಲು ಬಂದ ಹೆಂಗಸರು ಕೊಡ ಇಳಿಸಿ ನೋಡುತ್ತಿದ್ದರು, ಚನ್ನಬಸವಣ್ಣನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮೀನು ಹಿಡಿಯುತ್ತಿಲ್ಲ, ಮಗಳ ದಾರಿ ಕಾಯುತ್ತಿದ್ದೇನೆ ಎಂದರು ತಂದೆ. ಅವರಿಗೆ ಹೆಣ್ಣುಮಕ್ಕಳೇ ಇರಲಿಲ್ಲ.

ತಾಟಿನ ಮೀನುಗಾರ ಅಳಿಸಿಹೋದದ್ದನ್ನು ಹೆಂಡತಿಯಿಂದ ಕೇಳಿ, ಚನ್ನಬಸವಣ್ಣ ದೊರೆಯ ಬಂಗಲೆಯಲ್ಲಿ ಅಡುಗೆ ಮಾಡುತ್ತಿದ್ದ ಮಲಂಗಸಾಬನ ಮನೆಗೆ ಓಡಿದ. ಆ ತಾಟಿನಲ್ಲಿ ಯಾರೂ ಉಂಡದ್ದಿಲ್ಲ, ಅದನ್ನು ಗೋಡೆಗೆ ತೂಗುಹಾಕಿದ್ದರು ಎಂದ ಅವನು. ಚಿತ್ರದಲ್ಲಿರುವವರು ಅಪ್ಪ, ಮಗಳು ಎಂದೂ ಹೇಳಿದ. ಚೀನಾದವರೇನು ಎಂದು ಕೇಳಿದ್ದಕ್ಕೆ ತಲೆ ಅಲ್ಲಾಡಿಸಿದ.

"ಅಂಗಿ ಅಷ್ಟ ಚೀನಾದ್ದುರಿ, ಮೂಗು ನೋಡ್ರಿ, ಥೇಟ್ ಮೇಮಸಾಬರದು. ಬರದವ ಅವರ ದೇಶದವನ ಅಂತ. ಚೀನಾ ಕಣ್ಣಿಲೆ ಕಂಡಾವಲ್ಲ. ಹಡಗಿನಾಗ ಬಂದ ತಾಟು ನೋಡಿ, ಹಿಂಗ ಇರಬೇಕು ಅಂತ ಬರದಾನ. ಆ ಊರು ಅಲ್ಲೂ ಇಲ್ಲ, ಇಲ್ಲೂ ಇಲ್ರಿ."

ಅಂದೇ ತಾಟು ಸಂದೂಕಿಗೆ ಹೋಗಿ ಬೀಗ ಬಿತ್ತು. ಅಂದಿನಿಂದ ಅಂದಾನಪ್ಪನವರು ಗಂಗಾಳದಲ್ಲಿ ಬಡಿಸಿದ್ದನ್ನು ಮುಟ್ಟಲಿಲ್ಲ. ಕೆರೆಯಿಂದ ಎತ್ತಿಕೊಂಡು ಬರಬೇಕಾಗುವಷ್ಟು ಸೊರಗಿದರು. ರೇಣುಕವ್ವ ಈ ಮನೆಗೆ ಕಾಲಿಟ್ಟಾಗಿನಿಂದ ಒಮ್ಮೆಯೂ ಗದರದ ಮಾವ ಕಣ್ಣೆದುರಿಗೇ ಹಸಿದು ಸಾಯುತ್ತಿದ್ದರು. ಗಂಡ ಪೇಟೆಗೆ ಹೋದದ್ದನ್ನು ನೋಡಿ ಬೀಗ ತೆಗೆದಳು. ಅದೇ ತಾಟಿನಲ್ಲಿ ಮೊಸರನ್ನ ಕಲಸಿ ಮುಂದಿಟ್ಟಳು. ಮಾವ ಗಬಗಬ ಉಂಡರು. ಅನ್ನದ ಅಡಿಯಲ್ಲಿ ಹುಡುಗಿಯ ಮುಖ ಕಂಡಕೂಡಲೇ ಕೈ ನಿಂತಿತು.

"ನಾ ಈ ಕಡಿ ಬಂದುಬಿಟ್ಟೆ. ಆಕಿ ಒಬ್ಬಾಕಿನ ಅಲ್ಲೇ ಉಳದಾಳ," ಎಂದರು. ಎಂಜಲುಗೈಯಲ್ಲೇ ಎದ್ದು, ಗೋಡೆ ಹಿಡಿದುಕೊಂಡು ಕೆರೆಯ ಕಡೆಗೆ ನಡೆದರು.

ರೇಣುಕವ್ವ ತಾಟಿನ ಮುಂದೆ ಕೂತಳು. ಈ ಹುಡುಗಿಯೂ ಇಲ್ಲವಾದರೆ ಮಾವ ಯಾರ ದಾರಿ ಕಾಯಬೇಕು? ಸುಮ್ಮನೆ ಮನೆಗೆ ಬಂದು ಉಣ್ಣುತ್ತಾರೆ. ನೀರು ಹಾಕಿ ಹೆಬ್ಬೆರಳಿನಿಂದ ತಿಕ್ಕಿದಳು. ಯಾರಾದರೂ ಕರೆಯಲೆಂದೇ ಕಾದವಳ ಹಾಗೆ ಹುಡುಗಿ ಸಲೀಸಾಗಿ ಎದ್ದು ಬಂದಳು. ನೀರು ನೀಲಿಯಾಯಿತು. ಬಚ್ಚಲಿಗೆ ಚೆಲ್ಲಲು ರೇಣುಕವ್ವ ತಾಟು ಎತ್ತಿದಳು. ನೀರಿನಲ್ಲಿ ಅನ್ನದ ಅಗುಳು ತೇಲುತ್ತಿದ್ದವು. ಮಾವ ಬಿಟ್ಟದ್ದಾದರೂ ಪ್ರಸಾದ ಪ್ರಸಾದವೇ. ಎಷ್ಟು ಗಟ್ಟಿ ಮನಸ್ಸು ಮಾಡಿದರೂ ಚೆಲ್ಲಲು ಕೈ ಏಳಲಿಲ್ಲ. ಕಣ್ಣು ಮುಚ್ಚಿ ಅಷ್ಟನ್ನೂ ಕುಡಿದಳು.

ಮಧ್ಯಾಹ್ನ ಮನೆಗೆ ಬಂದ ಚನ್ನಬಸವಣ್ಣ ಬಾಗಿಲಲ್ಲೇ ನಿಂತುಬಿಟ್ಟ. ತಂದೆ ಪಡಸಾಲೆಯಲ್ಲಿ ಕೂತು, ಗಂಗಾಳದಲ್ಲಿ ರೊಟ್ಟಿ ಮುರಿದುಕೊಂಡು ಉಣ್ಣುತ್ತಿದ್ದರು. ಎದುರಿಗೆ ರೇಣುಕವ್ವ. ಇಬ್ಬರೂ ಏನೋ ಹೇಳಿಕೊಂಡು ನಗುತ್ತಿದ್ದರು. ಮಾವನ ಎದುರಿಗೆ ಎಂದೂ ಕೂರದವಳು ಇಂದು ತಲೆಯ ಮೇಲೆ ಸೆರಗಿಲ್ಲದೆ ಕೂತದ್ದು, ಆ ಸಂತೋಷದಲ್ಲಿ ಅವನಿಗೆ ದೊಡ್ಡದಾಗಿ ಕಾಣಲಿಲ್ಲ. ಮನೆಗೆ ಹಿಡಿದ ಗ್ರಹಣ ಬಿಟ್ಟಿತೆಂದು ಜಗುಲಿಯ ದೇವರಿಗೆ ಕೈ ಮುಗಿದ.

ಊಟ ಮುಗಿಯಿತು. ಅಂದಾನಪ್ಪನವರು ಅವಳ ಕೈ ಹಿಡಿದುಕೊಂಡು ಎದ್ದರು. ಇಬ್ಬರೂ ಚಪ್ಪಲಿ ಮೆಟ್ಟಿ ಹೊಸ್ತಿಲು ದಾಟಿದರು.

"ಇಷ್ಟ ಬಿಸಲಾಗ ಎಲ್ಲಿಗೆ ಹೊಂಟ್ರಿ?" ಎಂದ ಚನ್ನಬಸವಣ್ಣ.

"ನಮ್ಮೂರಿಗ್ರಿ," ಎಂದಳು ರೇಣುಕವ್ವ.

ಇಷ್ಟು ದಿನದ ಕಷ್ಟದಲ್ಲಿ ತವರೂರು ಹರ್ತಿ ನೆನಪಾಗಿರಬೇಕು, ಮಾವನನ್ನೂ ಕರೆದುಕೊಂಡು ಹೋಗಿ ನಾಲ್ಕು ದಿನ ಇದ್ದು ಬರಲಿ ಎಂದುಕೊಂಡು ಅವನು ನಕ್ಕ. "ಹರ್ತಿಗೇನು? ತಡಿ, ಚಕ್ಕಡಿ ಹೂಡಸ್ತೀನಿ."

ಅವಳು ತಿರುಗಿ, ದಾರಿಯಲ್ಲಿ ಸಿಕ್ಕ ಪರಸ್ಥಳದವನನ್ನು ನೋಡುವಂತೆ ಅವನನ್ನು ನೋಡಿದಳು.

"ಹರ್ತಿ ಅಂದ್ರ ಎಲ್ಲಿ ಬರತೈತ್ರಿ?"