ಗಡ್ಡದ ಹರಕೆ

ಫುಟ್‌ಬಾಲ್‌ನಲ್ಲಿ ನಮ್ಮ ದೇಶ ನೆರೆಯ ದೇಶವನ್ನು ಸೋಲಿಸುವವರೆಗೆ ಗಡ್ಡ ತೆಗೆಯುವುದಿಲ್ಲ ಎಂದು ಹರಕೆ ಹೊತ್ತಾಗ, ಅದು ಒಂದೆರಡು ತಿಂಗಳ ಮಾತು ಅಂದುಕೊಂಡಿದ್ದೆ. ಆಗ ಮಗಳು ವಸುಧಾ ಹೈಸ್ಕೂಲಿನಲ್ಲಿದ್ದಳು. ಈಗ ಅವಳು ಮೆಚ್ಚಿದ ಹುಡುಗನ ಮನೆಯವರು ಮಾತುಕತೆಗೆ ಬರುವವರಿದ್ದರು. ನನ್ನ ಗಡ್ಡ ಎದೆಗಿಳಿದಿತ್ತು.

ಅವರು ಬರುವ ಹಿಂದಿನ ಸಂಜೆ ಅದೇ ನೆರೆಯವರೊಡನೆ ಪಂದ್ಯವಿತ್ತು. ಇನ್ನೇನು ಮುಗಿಯಬೇಕು ಅನ್ನುವಾಗ ನಮ್ಮವನೊಬ್ಬ ಚೆಂಡನ್ನು ನಮ್ಮ ಗೋಲಿಗೇ ಒದ್ದ.

ಹೆಂಡತಿ ಪ್ರಮೀಳಾ ಟಿವಿ ಆರಿಸಿದಳು. "ರೀ, ಆ ಹನ್ನೊಂದು ಜನರನ್ನ ನಂಬ್ಕೊಂಡು ಮಗಳ ಮದುವೆ ಕೆಡಿಸ್ತೀರಾ? ನಾಳೆ ಬರೋರು ನಿಮ್ಮನ್ನ ಏನು ಅಂದ್ಕೋಬೇಕು?"

"ಆಟ ಚೆನ್ನಾಗೇ ಇತ್ತು ಕಣೇ. ಅವನು ಒದ್ದಿದ್ದು ನೋಡಿದ್ಯಾ, ಎಂಥಾ ಜೋರು! ದಿಕ್ಕೊಂದು ಸರಿಯಾದ್ರೆ ಸಾಕು. ಮುಂದಿನ ಸಲ ಗೆದ್ದೇ ಗೆಲ್ತೀವಿ."

ವಸುಧಾಳ ಕಣ್ಣು ತುಂಬಿತ್ತು. "ಅಪ್ಪಾ, ನಂಗೆ ಆ ಹುಡುಗ ತುಂಬಾ ಇಷ್ಟ."

ಬೆಳಿಗ್ಗೆ ಎದ್ದು ಗಡ್ಡ ಬೋಳಿಸಿಕೊಂಡೆ. ನನ್ನ ಗಲ್ಲ ಇಷ್ಟು ಚಿಕ್ಕದೆಂದು ಮರೆತೇಹೋಗಿತ್ತು. ದೇಶಕ್ಕೆ ದ್ರೋಹ ಬಗೆದವನಂತೆ ಬಾಗಿಲಲ್ಲಿ ನಿಂತೆ.

ಹುಡುಗನ ತಂದೆ ಆಟೋದಿಂದ ಇಳಿದರು. ಅವರ ಗಡ್ಡ ಹೊಟ್ಟೆ ಮುಟ್ಟುತ್ತಿತ್ತು. ನನ್ನ ನುಣ್ಣನೆಯ ಮುಖ ಕಂಡದ್ದೇ ಓಡಿಬಂದು ತಬ್ಬಿಕೊಂಡರು.

"ನಿಮ್ಮ ಹರಕೆ ವಿಷಯ ಮಗ ಹೇಳಿದ್ದ, ಬೀಗರೇ. ನಂದೂ ಅದೇ! ನಿನ್ನೆ ಸಂಜೆಯಿಂದ ಬಸ್ಸಲ್ಲೇ ಇದ್ವಿ, ಪಂದ್ಯದ ಸುದ್ದಿನೇ ಸಿಗ್ಲಿಲ್ಲ. ಅಂತೂ ಗೆದ್ವಲ್ಲ! ಇಲ್ಲಿ ಹತ್ರ ಕಟಿಂಗ್ ಶಾಪ್ ಎಲ್ಲಿದೆ?"